ಪಾಳಿ ಬಿಟ್ಟುಕೊಟ್ಟು ಹುಡುಗನನ್ನು ತರುವವರಿಗೆ

ನಿಡಸೋಸಿ, ಸಂಕೇಶ್ವರದ ಸುತ್ತಿನ ಊರುಗಳಲ್ಲಿ ಕಬಡ್ಡಿ ತಂಡ ಕಟ್ಟುವವರಿಗೆ ಹರಾಜಿಗಿಂತ ದೊಡ್ಡ ತಲೆನೋವು ಅದಲು-ಬದಲಿನದು. ನಮ್ಮ ಲೀಗಿನಲ್ಲಿ ಹೊಸ ಹುಡುಗರನ್ನು ಹರಾಜಿಗೆ ನಿಲ್ಲಿಸುವುದಿಲ್ಲ. ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಪಾಳಿ, ಗೆದ್ದವರಿಗೆ ಕೊನೆಯ ಪಾಳಿ; ಪಾಳಿ ಬಂದಾಗ ಬೇಕಾದವನ ಹೆಸರು ಕರೆಯಬೇಕು. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲಿನ ಡ್ರಾಫ್ಟ್ ನಡೆಯುವುದೂ ಹೆಚ್ಚುಕಡಿಮೆ ಹೀಗೇ. ಅಲ್ಲಿ ಸೋತ ತಂಡಗಳ ನಡುವೆ ಲಾಟರಿ ಬೇರೆ ಎತ್ತುತ್ತಾರೆ. ಈ ಪಾಳಿಯನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಅವರಲ್ಲಿ ಆಟ ಕೈಕೊಟ್ಟಿರುವ ಎಳೆಯನೊಬ್ಬನನ್ನು ತರಬಹುದು. ಅಂಥವರನ್ನು ತಂದೂ ಕಳಿಸಿಯೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಸೋಲುವುದು ಯಾಕೆಂದು ತಿಳಿಯುವ ತನಕ ಬೆಲೆಯ ಮಾತೆತ್ತಬೇಡಿ.

ಘಟಪ್ರಭಾ ದಂಡೆಯ ಊರಿನ ಹುಡುಗ, ಲೆಫ್ಟ್ ಕಾರ್ನರ್. ಮೊದಲ ವರ್ಷ ಅವನು ಕಾಲಿಗೆ ಕೈ ಹಾಕಿದರೆ ರೈಡರ್ ನಡುಗೆರೆ ಮುಟ್ಟುತ್ತಿರಲಿಲ್ಲ. ಮರುವರ್ಷ ಅದೇ ಕೈ ಅರೆಗಳಿಗೆ ತಡವಾಗತೊಡಗಿತು. ಅವರ ತಂಡದವರು "ಸೊಕ್ಕು ಬಂದೈತಿ" ಎಂದು ಕೈಬಿಡಲು ತಯಾರಾಗಿದ್ದರು. ನಾನು ಮನೆಗೇ ಹೋದೆ. ಅವನ ಅವ್ವ ಚಹಾ ಕೊಟ್ಟು ಹೇಳಿದ್ದು ಇಷ್ಟು: "ನಿದ್ದಿ ಎಲ್ಲೈತ್ರಿ ಮಾಸ್ತರ? ತ್ರೀ ಫೇಸ್ ಕರೆಂಟ್ ಬರೂದು ರಾತ್ರಿ. ಅವರಪ್ಪಗ ಸೊಂಟ ಹಿಡದೈತಿ, ಕಬ್ಬಿಗೆ ನೀರ ಹಾಯ್ಸಾಕ ಇವನ ಹೋಗಬೇಕು."

ಕಾರ್ನರ್‌ನ ಆಟವೆಲ್ಲ ಕಣ್ಣಿನದು. ರೈಡರ್‌ನ ಭಾರ ಯಾವ ಕಾಲಿನ ಮೇಲಿದೆ ಎಂದು ನೋಡಿ, ಎತ್ತುವ ಕಾಲಿಗೆ ಬೀಳಬೇಕು. ರಾತ್ರಿಯಿಡೀ ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತವನಿಗೆ ಅದು ಎಲ್ಲಿಂದ ಸಾಧ್ಯ? ಪಂದ್ಯದ ಹಿಂದಿನ ರಾತ್ರಿ ನಮ್ಮ ತಂಡದ ಇನ್ನೊಬ್ಬ ಅವರ ಹೊಲಕ್ಕೆ ಹೋಗುವುದೆಂದು ಮನೆಯವರ ಜೊತೆ ಮಾತಾಯಿತು. ಆಮೇಲೆ ಎರಡನೇ ಸುತ್ತಿನ ಪಾಳಿ ಬಿಟ್ಟು ಹುಡುಗನನ್ನು ಕರೆತಂದೆವು. ನಿದ್ದೆ ಸಿಕ್ಕಿತು, ಕೈಯೂ ಬಂತು. ಆ ಬೆಲೆಗೆ ಅವನು ಸಿಕ್ಕಿದ್ದು, ಅವರ ತಂಡದವರು ಯಾರೂ ಅವನ ಮನೆಗೆ ಹೋಗದೇ ಇದ್ದದ್ದಕ್ಕೆ.

2. ದೋಷ ಮೈಯದಾದರೆ ಪಾಳಿ ಕೈಯಲ್ಲೇ ಇರಲಿ.

ಎತ್ತು ಕೊಳ್ಳುವವರು ಹಲ್ಲು ನೋಡಿ ಬಿಡುವುದಿಲ್ಲ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆಟದ ಲೋಕದಲ್ಲಿ ಕೋಟಿ ಸುರಿಯುವವರೂ ಇಲ್ಲಿ ಎಡವುತ್ತಾರೆ. 2017ರ ಎನ್‌ಬಿಎ ಡ್ರಾಫ್ಟಿನಲ್ಲಿ ಮೊದಲ ಹೆಸರು ಮಾರ್ಕೆಲ್ ಫುಲ್ಟ್ಸ್‌ನದು. ಅವನಿಗಾಗಿಯೇ ಫಿಲಡೆಲ್ಫಿಯಾ ತನ್ನ ಮೂರನೇ ಪಾಳಿಯ ಜೊತೆ ಮುಂದಿನ ಒಂದು ಪಾಳಿಯನ್ನೂ ಬಾಸ್ಟನ್‌ಗೆ ಕೊಟ್ಟು ಮೊದಲ ಸ್ಥಾನ ಪಡೆದಿತ್ತು. ಬಾಸ್ಟನ್ ಆ ಮೂರನೇ ಪಾಳಿಯಲ್ಲಿ ಜೇಸನ್ ಟೇಟಮ್‌ನನ್ನು ಕರೆಯಿತು. ಇತ್ತ ಫುಲ್ಟ್ಸ್‌ಗೆ ಚೆಂಡು ಎಸೆಯುವ ಶೈಲಿಯೇ ಮರೆತುಹೋದಂತಾಯಿತು. ತಲೆ ಕೆಟ್ಟಿದೆ ಎಂದವರು ಬಹಳ. 2018ರ ಡಿಸೆಂಬರ್‌ನಲ್ಲಿ ವೈದ್ಯರು ಹೇಳಿದ್ದು ಬೇರೆ: ಕುತ್ತಿಗೆ ಮತ್ತು ಭುಜದ ನಡುವೆ ನರಗಳು ಒತ್ತಿಹೋಗಿವೆ.

2019ರ ಫೆಬ್ರುವರಿಯಲ್ಲಿ ಒರ್ಲ್ಯಾಂಡೊ ಅವನನ್ನು ತಂದಿತು. ಕೊಟ್ಟದ್ದು ಒಬ್ಬ ಆಟಗಾರ, ಒಂದು ಎರಡನೇ ಸುತ್ತಿನ ಪಾಳಿ, ಮತ್ತು ತನ್ನ ಕೈಯಲ್ಲಿದ್ದ ಒಕ್ಲಹೋಮಾ ತಂಡದ 2020ರ ಮೊದಲ ಸುತ್ತಿನ ಪಾಳಿ. ಒಕ್ಲಹೋಮಾದ ಆ ಪಾಳಿ 20ರೊಳಗೆ ಬಿದ್ದರೆ ಕೊಡಬೇಕಿಲ್ಲ ಎಂಬ ಷರತ್ತಿತ್ತು. ಬಿದ್ದದ್ದು ಸರಿಯಾಗಿ 21ಕ್ಕೆ! ಅದರಲ್ಲಿ ಫಿಲಡೆಲ್ಫಿಯಾ ಕರೆದ ಟೈರೀಸ್ ಮ್ಯಾಕ್ಸಿ 2024ರಲ್ಲಿ ಆಲ್‌ಸ್ಟಾರ್ ಆದ. ಒರ್ಲ್ಯಾಂಡೊದಲ್ಲಿ ಫುಲ್ಟ್ಸ್ ಒಂದು ವರ್ಷ ಚೆನ್ನಾಗಿಯೇ ಆಡಿದ, ಪಂದ್ಯಕ್ಕೆ ಸರಾಸರಿ 12 ಅಂಕ. 2021ರ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು.

ಒರ್ಲ್ಯಾಂಡೊದವರನ್ನು ದಡ್ಡರು ಎನ್ನಲಾರೆ. ಅವರಿಗೆ ಕಾಯಿಲೆಯ ಹೆಸರು ಗೊತ್ತಿತ್ತು. ಆದರೂ ನಮ್ಮಂಥ ಸಣ್ಣ ತಂಡಗಳಿಗೆ ಆ ಜೂಜು ಬೇಡ. ಬರುವ ಹುಡುಗನನ್ನು ಮಣ್ಣಿನ ಅಂಕಣದಲ್ಲಿ ಅರ್ಧ ಗಂಟೆ ಆಡಿಸಿ ನೋಡಿ. ಬೆಳಗಿನ ಆಟಕ್ಕಿಂತ ಸಂಜೆ ದಣಿದ ಮೇಲಿನ ಆಟ ನಿಜ ಹೇಳುತ್ತದೆ.

3. ಅಂಕದ ಹಾಳೆ ನೋಡುವಾಗ ಯಾವ ರೈಡ್ ಎಂದು ಕೇಳಿ.

ಎರಡು ಖಾಲಿ ರೈಡ್ ಆದ ಮೇಲಿನ ಮೂರನೆಯದು ಡೂ ಆರ್ ಡೈ. ಪಾಯಿಂಟ್ ತರದಿದ್ದರೆ ಔಟ್. ಕೆಲವು ತಂಡಗಳಲ್ಲಿ ಹಿರಿಯ ರೈಡರ್ ತನ್ನ ಲೆಕ್ಕ ಕೆಡಬಾರದೆಂದು ಆ ರೈಡಿಗೆ ಕಿರಿಯನನ್ನು ತಳ್ಳುತ್ತಾನೆ. ಎದುರಿನವರು ಏಳೂ ಜನ ಕೈಕೈ ಹಿಡಿದು ಕಾಯುತ್ತಿರುತ್ತಾರೆ. ಹಾಳೆಯಲ್ಲಿ ಕಾಣುವುದು ಹತ್ತು ಸಲ ಹೋಗಿ ಏಳು ಸಲ ಸಿಕ್ಕಿಬಿದ್ದ ಹುಡುಗ ಮಾತ್ರ. ಇಂಥವನು ಕಂಡರೆ ತಡಮಾಡದೆ ತನ್ನಿ.

4. ಜಾಗ ಸಿಗದವನೂ ಆಟ ಬಾರದವನೂ ಬೇರೆಬೇರೆ.

ಪವನ್ ಸೆಹ್ರಾವತ್ ಪ್ರೊ ಕಬಡ್ಡಿಯ ಐದನೇ ಸೀಸನ್ನಿನಲ್ಲಿ ಗುಜರಾತ್ ತಂಡದಲ್ಲಿದ್ದ. ಅಂಕಣದಲ್ಲಿ ಕಂಡದ್ದು ಕಡಿಮೆ. ಮುಂದಿನ ಸೀಸನ್ನಿಗೆ ನಮ್ಮ ಬೆಂಗಳೂರು ಬುಲ್ಸ್ ಮರಳಿ ಕರೆತಂದು ಮೊದಲ ರೈಡರ್ ಮಾಡಿತು. 271 ರೈಡ್ ಪಾಯಿಂಟ್. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ತಂದ, ಬುಲ್ಸ್ 38–33ರಿಂದ ಗೆದ್ದಿತು. ಎದುರಿಗಿದ್ದದ್ದು ಅದೇ ಗುಜರಾತ್.

ಬಾಸ್ಕೆಟ್‌ಬಾಲಿನಲ್ಲಿ ಜರ್ಮೇನ್ ಓನೀಲ್‌ನದೂ ಇದೇ ಕಥೆ. ಪೋರ್ಟ್‌ಲ್ಯಾಂಡ್‌ನಲ್ಲಿ ನಾಲ್ಕು ವರ್ಷ ಹಿರಿಯರ ಹಿಂದೆ ಬೆಂಚಿನ ಮೇಲೆ ಕೂತು ಪಂದ್ಯಕ್ಕೆ ನಾಲ್ಕು ಅಂಕವೂ ಬರಲಿಲ್ಲ. 2000ರಲ್ಲಿ ಇಂಡಿಯಾನಾ ತನ್ನ ಅನುಭವಿ ಡೇಲ್ ಡೇವಿಸ್‌ನನ್ನು ಕೊಟ್ಟು ಅವನನ್ನು ತಂದಿತು. ಆರು ಸಲ ಆಲ್‌ಸ್ಟಾರ್ ಆದ. ಡೇವಿಸ್‌ನನ್ನು ಬಿಟ್ಟುಕೊಡುವ ದಿನ ಇಂಡಿಯಾನಾದವರು ಏನೆಂದಿರಬಹುದು ಎಂದು ನನಗೆ ಊಹಿಸಲು ಕಷ್ಟವಿಲ್ಲ. ನಮ್ಮಲ್ಲೂ ಅಗಸಿ ಕಟ್ಟೆಯ ಮೇಲೆ ಕೂತು ತಂಡ ಆರಿಸುವವರು ಇದ್ದಾರೆ.

5. ಒಂದು ಕಡೆ ಸೋತನೆಂದು ಬರೆದಿಟ್ಟುಬಿಡಬೇಡಿ.

ದೇವದತ್ತ ಪಡಿಕ್ಕಲ್ ಆರ್‌ಸಿಬಿಯಲ್ಲಿ ಮೊದಲ ಐಪಿಎಲ್‌ನಲ್ಲೇ 473 ರನ್ ಹೊಡೆದವನು. ಆಮೇಲೆ ರಾಜಸ್ಥಾನಕ್ಕೆ ಹೋದ. 2023ರ ಕೊನೆಗೆ ರಾಜಸ್ಥಾನ ಅವನನ್ನು ಲಖನೌಗೆ ಕೊಟ್ಟು ಬೌಲರ್ ಆವೇಶ್ ಖಾನ್‌ನನ್ನು ತಂದಿತು. 2024ರಲ್ಲಿ ಪಡಿಕ್ಕಲ್‌ನಿಂದ ಲಖನೌಗೆ ಏಳು ಪಂದ್ಯದಲ್ಲಿ ಸಿಕ್ಕಿದ್ದು 38 ರನ್, ಆವೇಶ್‌ನಿಂದ ರಾಜಸ್ಥಾನಕ್ಕೆ 19 ವಿಕೆಟ್. ಅದೇ ವರ್ಷ ಮಾರ್ಚಿನಲ್ಲಿ ಧರ್ಮಶಾಲಾದಲ್ಲಿ ಮೊದಲ ಟೆಸ್ಟ್ ಆಡಿ 65 ಹೊಡೆದವನೂ ಇದೇ ಪಡಿಕ್ಕಲ್. ಮುಂದಿನ ಹರಾಜಿನಲ್ಲಿ ಮೊದಲು ಅವನನ್ನು ಯಾರೂ ಕೊಳ್ಳಲಿಲ್ಲ. ಆಮೇಲೆ ಆರ್‌ಸಿಬಿ ಮೂಲಬೆಲೆ 2 ಕೋಟಿಗೆ ಕರೆದುಕೊಂಡಿತು. 2025ರಲ್ಲಿ ಗಾಯವಾಗುವ ತನಕ 247 ರನ್ ಕೊಟ್ಟ, ಆ ವರ್ಷ ಕಪ್ಪೂ ಬಂತು. ಲಖನೌದಲ್ಲಿ ಯಾಕೆ ಆಗಲಿಲ್ಲ ಎಂಬುದಕ್ಕೆ ಟೀವಿಯಲ್ಲಿ ನೂರು ಕಾರಣ ಹೇಳಿದರು. ನನಗೆ ಒಂದೂ ಪೂರ್ತಿ ಒಪ್ಪಿಗೆಯಾಗಿಲ್ಲ.

6. ಎರಡು ವರ್ಷದ ಪಾಳಿ ಒಟ್ಟಿಗೆ ಬಿಡಬೇಡಿ.

1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಪಾಳಿಗಳನ್ನು ಒಂದರ ಹಿಂದೊಂದು ಕೊಟ್ಟು ತಂಡ ಬರಿದು ಮಾಡಿಕೊಂಡ. ಬೆನ್ನುಬೆನ್ನಿನ ಎರಡು ವರ್ಷದ ಮೊದಲ ಸುತ್ತಿನ ಪಾಳಿ ಕೊಡಕೂಡದೆಂದು ಎನ್‌ಬಿಎ ನಿಯಮವನ್ನೇ ತಂದಿತು, ಇವತ್ತಿಗೂ ಅದು ಅವನ ಹೆಸರಿನಲ್ಲೇ ಇದೆ. ನಮ್ಮ ಲೀಗಿನಲ್ಲಿ ಅಂಥ ನಿಯಮ ಇಲ್ಲ. ನೀವೇ ಹಾಕಿಕೊಳ್ಳಿ.

7. ತಂದ ಮೇಲೆ ಆಡಿಸಿ.

ಮೊದಲ ಮೂರು ಪಂದ್ಯದಲ್ಲಿ ಎಷ್ಟೇ ಕೆಟ್ಟದಾಗಿ ಆಡಿದರೂ ತೆಗೆಯುವುದಿಲ್ಲ ಎಂದು ಹುಡುಗನಿಗೂ ತಂಡಕ್ಕೂ ಮೊದಲೇ ಹೇಳಿಬಿಡಿ, ಹಾಗೇ ನಡೆದುಕೊಳ್ಳಿ. ಹೋಗಿಬರುವ ಬಸ್ ಚಾರ್ಜು, ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದೆಂದು ಎರಡೂ ತಂಡದವರು ಕಾಗದದ ಮೇಲೆ ಬರೆದು ಸಹಿ ಹಾಕಲಿ. ಮುಖ್ಯವಾಗಿ ಹಂಗಾಮಿನ ಮಾತು. ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಹುಡುಗನಾದರೆ, ಕಾರ್ಖಾನೆ ಶುರುವಾದ ಮೇಲಿನ ಪಂದ್ಯಗಳಿಗೆ ಅವನು ಬರುತ್ತಾನೋ ಇಲ್ಲವೋ ಎಂದು ಟ್ರ್ಯಾಕ್ಟರ್ ಮಾಲೀಕರನ್ನೇ ಕೇಳಿ. ಹುಡುಗ ಬರ್ತೀನಿ ಅಂತಾನೇ ಹೇಳುತ್ತಾನೆ.