ಬೆಚ್ಚಿದ ಮಗುವಿನ ಜತೆ ಮೊದಲ ತಿಂಗಳು

ಎಳೆಯ ಮನಸ್ಸು ತಾಳಿಕೊಳ್ಳಲಾರದಷ್ಟು ದೊಡ್ಡ ಭಯ, ನೋವು ಅಥವಾ ಅಗಲಿಕೆ ಎದುರಾದಾಗ ಆಗುವ ಗಾಯವೇ ಬಾಲ್ಯದ ಮಾನಸಿಕ ಆಘಾತ. ಅದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನಡೆದ ಘಟನೆಯನ್ನು ಮಾತ್ರ ಅವಲಂಬಿಸಿಲ್ಲ. ಆಮೇಲೆ ಮಗುವಿನ ಪಕ್ಕದಲ್ಲಿ ಯಾರು ನಿಂತರು, ಹೇಗೆ ನಡೆದುಕೊಂಡರು ಎಂಬುದೂ ಅಷ್ಟೇ ಮುಖ್ಯ. ಒಮ್ಮೆ ನಡೆದ ಅಪಘಾತದಿಂದ ಬೆಚ್ಚಿದ ಬಹುಪಾಲು ಮಕ್ಕಳು, ಮನೆಯವರ ಆಸರೆ ಇದ್ದರೆ, ಕೆಲವು ವಾರಗಳಲ್ಲೇ ಚೇತರಿಸಿಕೊಳ್ಳುತ್ತಾರೆ. ದಿನವೂ ನಡೆಯುವ ಹೊಡೆತ, ಬೈಗುಳ, ಮುಚ್ಚಿಟ್ಟ ಲೈಂಗಿಕ ದೌರ್ಜನ್ಯಗಳ ಗಾಯ ಹಾಗೆ ತಾನಾಗಿ ಮಾಯುವುದಿಲ್ಲ.

ಇಂಥ ಗಾಯಗಳು ದೂರದ ಸಂಗತಿಯಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೂಡಿನ ಮಾರುಕಟ್ಟೆಗೆ, ನೂಲು ಬಿಚ್ಚುವ ಘಟಕಗಳಿಗೆ, ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಹೆಸರಾದ ಪುರಸಭೆ ಪಟ್ಟಣ. 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಇಲ್ಲಿಗೆ ಬಂದ ಮೇಲೆ ತಾಲ್ಲೂಕಿನ ಜೀವನವೇ ಬದಲಾಗಿದೆ. ಜಮೀನು ಕೈಬಿಟ್ಟ ಮನೆಗಳು ಒಂದು ಕಡೆ, ಕಟ್ಟಡದ ಕೆಲಸಕ್ಕೆ ಬೇರೆ ಊರಿನಿಂದ ಬಂದು ಶೆಡ್ಡುಗಳಲ್ಲಿ ಉಳಿದ ಸಂಸಾರಗಳು ಇನ್ನೊಂದು ಕಡೆ. ಹೆದ್ದಾರಿಯ ಅಪಘಾತ, ತಂದೆಯ ಕುಡಿತ, ಸಾಲ ಕೊಟ್ಟವರು ಬಾಗಿಲಿಗೆ ಬಂದು ಕೂಗಾಡುವುದು, ಕೋವಿಡ್‌ನಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡದ್ದು, ಹೀಗೆ ಇಲ್ಲಿನ ಮಕ್ಕಳ ಮನಸ್ಸನ್ನು ಗಾಸಿ ಮಾಡುವ ಸಂಗತಿಗಳು ಎಲ್ಲರಿಗೂ ಗೊತ್ತಿರುವವೇ.

ಗೊತ್ತಿದ್ದರೂ ಬಾಯಿಗೆ ಬಾರದ ಸಂಗತಿ ಇನ್ನೊಂದಿದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದವರು. ಅಪರಿಚಿತರ ಬಗ್ಗೆ ಮಾತ್ರ ಎಚ್ಚರಿಸಿ ಸುಮ್ಮನಾಗುವ ವಾಡಿಕೆ ಇಲ್ಲಿಯೇ ಸೋಲುತ್ತದೆ.

ಗುರುತು ಹಿಡಿಯುವುದು

ಮಕ್ಕಳು ಆಘಾತವನ್ನು ಮಾತಿನಲ್ಲಿ ಹೇಳುವುದು ಕಡಿಮೆ, ನಡವಳಿಕೆಯಲ್ಲಿ ತೋರಿಸುವುದೇ ಹೆಚ್ಚು. ಐದಾರು ವರ್ಷದೊಳಗಿನ ಮಗು ಬಿಟ್ಟುಹೋಗಿದ್ದ ಅಭ್ಯಾಸಕ್ಕೆ ಮರಳುತ್ತದೆ: ಹಾಸಿಗೆ ಒದ್ದೆ ಮಾಡುತ್ತದೆ, ಬೆರಳು ಚೀಪುತ್ತದೆ, ತಾಯಿಯ ಸೆರಗು ಬಿಡುವುದಿಲ್ಲ, ನಡೆದದ್ದನ್ನೇ ಆಟವಾಗಿ ಮತ್ತೆ ಮತ್ತೆ ಆಡುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಕಾರಣವಿಲ್ಲದ ಹೊಟ್ಟೆನೋವು, ತಲೆನೋವು, ಕೆಟ್ಟ ಕನಸು ಬರುತ್ತವೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಹದಿಹರೆಯದವರಲ್ಲಿ ಇದು ಸಿಡುಕಾಗಿ, ಹೊತ್ತಲ್ಲದ ಹೊತ್ತಿನ ನಿದ್ದೆಯಾಗಿ, ಗೆಳೆಯರಿಂದ ದೂರ ಸರಿಯುವುದಾಗಿ, ಕೆಲವೊಮ್ಮೆ ಮದ್ಯ, ತಂಬಾಕಾಗಿ ಕಾಣುತ್ತದೆ.

ಇದರ ಹಿಂದೆ ದೇಹದ ಲೆಕ್ಕವೊಂದಿದೆ. ಅಪಾಯ ಕಂಡಾಗ ಮೆದುಳಿನ ಅಮಿಗ್ಡಾಲ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹರಿದು ಎದೆ ಹೊಡೆದುಕೊಳ್ಳುತ್ತದೆ, ಸ್ನಾಯು ಬಿಗಿಯುತ್ತದೆ. ಅಪಾಯ ಕಳೆದ ಮೇಲೆ ಈ ಎಚ್ಚರಿಕೆ ನಿಲ್ಲಬೇಕು. ಆಘಾತಕ್ಕೊಳಗಾದ ಮಗುವಿನಲ್ಲಿ ಅದು ನಿಲ್ಲುವುದಿಲ್ಲ, ಘಟನೆಯನ್ನು ನೆನಪಿಸುವ ಚಿಕ್ಕ ಸದ್ದು, ವಾಸನೆಗೂ ಮತ್ತೆ ಎದ್ದುಬಿಡುತ್ತದೆ. ಗೂಡು ಬೇಯಿಸುವ ಬಿಸಿನೀರು ಕಾಲಿನ ಮೇಲೆ ಚೆಲ್ಲಿ ಸುಟ್ಟುಕೊಂಡ ಮಗು, ಗಾಯ ಮಾಗಿ ತಿಂಗಳುಗಳಾದರೂ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಚಿಟ್ಟನೆ ಚೀರಿ ಹೊರಗೆ ಓಡಬಹುದು. ಅದನ್ನು ಹಠ ಎಂದು ಕರೆದು ಎರಡೇಟು ಹಾಕಿದರೆ, ಸೀಟಿಯ ಜತೆಗೆ ಏಟಿನ ಭಯವೂ ಸೇರಿಕೊಳ್ಳುತ್ತದೆ.

ಮೊದಲ ಮೂರು ದಿನ

ಮೊದಲ ಕೆಲಸ ಮಗುವನ್ನು ಅಪಾಯದ ಜಾಗದಿಂದ, ಅಪಾಯ ಮಾಡಿದವರ ಕಣ್ಣೆದುರಿನಿಂದ ದೂರ ತರುವುದು. ನೀರು, ಊಟ, ಒಣಬಟ್ಟೆ, ನಿದ್ದೆ, ಗಾಯವಿದ್ದರೆ ಚಿಕಿತ್ಸೆ. ನಂಬಿಕೆಯ ಒಬ್ಬರು, ಅಮ್ಮನೋ ಅಜ್ಜಿಯೋ ಚಿಕ್ಕಮ್ಮನೋ, ಸದಾ ಹತ್ತಿರವಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದನ್ನೇ ಮೂರು ಮಾತಿನಲ್ಲಿ ಹೇಳುತ್ತದೆ: ನೋಡಿ, ಕೇಳಿಸಿಕೊಳ್ಳಿ, ನೆರವಿಗೆ ಜೋಡಿಸಿ.

ಸಾವಿನ ಮನೆಯಲ್ಲಿ ಬಂದವರೆಲ್ಲ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಏನಾಯ್ತು ಹೇಳು ಕಂದ’ ಎಂದು ಕೇಳುವ ಪದ್ಧತಿಯಿದೆ. ಅನುಕಂಪದಿಂದಲೇ ಕೇಳಿದರೂ ಇದು ಮಗುವಿಗೆ ಹಿಂಸೆ. ಘಟನೆಯಾದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿಸುವುದರಿಂದ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಬೆಂಬಲವೂ ಇಲ್ಲ. ಅಪಘಾತದ ವಿಡಿಯೊ ಮನೆಯವರ ಮೊಬೈಲಿಗೆ ಬಂದಿದ್ದರೆ ಅದನ್ನು ಮಗುವಿನ ಕಣ್ಣಿಗೆ ಬೀಳದಂತೆ ಅಳಿಸುವುದು ಒಳ್ಳೆಯದು. ನಿದ್ದೆ ಬರಲೆಂದು ಅಂಗಡಿಯಿಂದ ಮಾತ್ರೆ ತಂದು ಕೊಡುವುದು ಸಲ್ಲದು.

ಮಗು ಬೆಚ್ಚಿದರೆ ದೃಷ್ಟಿ ತೆಗೆದು, ತಾಯಿತ ಕಟ್ಟಿಸುವ ಮನೆಗಳು ಬಹಳ. ಅದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಜಗಳ ತೆಗೆಯಬೇಕಿಲ್ಲ. ಆದರೆ ‘ಗಾಳಿ ಸೋಕಿದೆ’ ಎಂದು ಮಗುವನ್ನು ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ನಡೆದರೆ ಅದು ಇನ್ನೊಂದು ಆಘಾತವೇ.

ಮಾತು ಮತ್ತು ಮೌನ

ಮಗು ತಾನಾಗಿ ಬಾಯಿಬಿಟ್ಟಾಗ ಕೈಲಿದ್ದ ಕೆಲಸ ಬಿಟ್ಟು ಕೂರಬೇಕು. ನಡುವೆ ಬಾಯಿ ಹಾಕಬಾರದು. ‘ನೀನು ಯಾಕೆ ಅಲ್ಲಿಗೆ ಹೋದೆ’, ‘ಆಗಲೇ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆಗಳು ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತವೆ. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ, ಇನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬಷ್ಟು ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಏಕೆಂದರೆ ಕೆಲವು ಸಂಗತಿಗಳನ್ನು ಹೇಳಲೇಬೇಕಾಗುತ್ತದೆ.

ಸಾವಿನ ಸುದ್ದಿಯನ್ನು ಮುಚ್ಚಿಡುವುದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಅಪ್ಪ ಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎನ್ನುತ್ತಾರೆ. ಮಗು ಬಾಗಿಲು ಕಾಯುತ್ತದೆ, ಕೊನೆಗೆ ಬೀದಿಯ ಬೇರೆ ಮಕ್ಕಳಿಂದ ನಿಜ ತಿಳಿದು ಮನೆಯವರನ್ನೇ ನಂಬದಂತಾಗುತ್ತದೆ. ಚಿಕ್ಕ ಮಗುವಿಗೂ ಸರಳವಾಗಿ ಹೇಳಬಹುದು: ಅಪ್ಪ ತೀರಿಹೋದರು, ಅವರ ದೇಹ ಇನ್ನು ಕೆಲಸ ಮಾಡುವುದಿಲ್ಲ, ಅವರು ಮತ್ತೆ ಬರುವುದಿಲ್ಲ. ಅದೇ ಪ್ರಶ್ನೆಯನ್ನು ಮಗು ನೂರು ಸಲ ಕೇಳಿದರೆ ಅದೇ ಉತ್ತರವನ್ನು ನೂರು ಸಲ ಕೊಡಬೇಕು. ‘ಗಂಡುಹುಡುಗ, ಅಳಬೇಡ, ಇನ್ನು ಮನೆಗೆ ನೀನೇ ದಿಕ್ಕು’ ಎಂಬ ಮಾತು ಹತ್ತು ವರ್ಷದ ಹುಡುಗನ ಹೆಗಲಿಗೆ ಹೊರಿಸುವ ಭಾರ ಸಣ್ಣದಲ್ಲ.

ಮಾತಿಗಿಂತ ಹೆಚ್ಚು ಕೆಲಸ ಮಾಡುವುದು ದಿನಚರಿ. ಏಳುವ, ಉಣ್ಣುವ, ಮಲಗುವ ಹೊತ್ತು ಮೊದಲಿನಂತೆಯೇ ಇದ್ದರೆ, ಲೋಕ ಪೂರ್ತಿ ಕುಸಿದಿಲ್ಲ ಎಂಬುದು ಮಗುವಿನ ದೇಹಕ್ಕೆ ತಿಳಿಯುತ್ತದೆ. ರಾತ್ರಿ ಒಂದು ದೀಪ, ಪಕ್ಕದಲ್ಲಿ ಒಬ್ಬರು. ಹಾಸಿಗೆ ಒದ್ದೆಯಾದರೆ ಸದ್ದಿಲ್ಲದೆ ಬದಲಿಸಿದರಾಯಿತು, ನೆಂಟರೆದುರು ಹೇಳಿ ನಗಬಾರದು.

ಶಾಲೆಯಲ್ಲಿ

ಘಟನೆಯ ಬಳಿಕ ಮಗುವನ್ನು ಶಾಲೆಗೆ ಕಳುಹಿಸುವುದು ತಡವಾದಷ್ಟೂ ಮರಳುವುದು ಕಷ್ಟ. ಕಳುಹಿಸುವ ಮುನ್ನ ತರಗತಿಯ ಶಿಕ್ಷಕರಿಗೆ ಬೇಕಾದಷ್ಟನ್ನೇ ತಿಳಿಸಿ, ಉಳಿದದ್ದು ಸಿಬ್ಬಂದಿ ಕೊಠಡಿಯ ಮಾತಾಗದಂತೆ ಕೇಳಿಕೊಳ್ಳಬೇಕು. ಮೊದಲ ವಾರ ಅರ್ಧ ದಿನವಾದರೂ ಸರಿ. ಹಾಜರಿ ಕರೆದಾಗ ದನಿ ಬಾರದಿದ್ದರೆ ಶಿಕ್ಷಕರು ಎರಡನೆಯ ಸಲ ಗದರಿಸಿ ಕರೆಯದೆ, ಮುಖ ನೋಡಿ ಗುರುತು ಹಾಕಿ ಮುಂದಕ್ಕೆ ಹೋದರೆ ಸಾಕು. ಉಸಿರುಗಟ್ಟಿದಂತಾದಾಗ ಅನುಮತಿ ಕೇಳದೆ ಎದ್ದು ಹೋಗಿ ಕೂರಲು ಒಂದು ಜಾಗ, ಅಲ್ಲಿ ಮಾತನಾಡಿಸುವ ಒಬ್ಬ ಟೀಚರ್, ಇಷ್ಟು ವ್ಯವಸ್ಥೆಗೆ ಹಣ ಬೇಡ.

ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ‘ನಾವೂ ಹೊಡೆಸಿಕೊಂಡೇ ಕಲಿತವರು’ ಎನ್ನುವ ಪೋಷಕರೇ ಶಿಕ್ಷಕರ ಕೈಗೆ ಕೋಲು ಕೊಡುವುದು ಈ ವಿಷಯದಲ್ಲಿ ದೊಡ್ಡ ತೊಡಕು.

ತಿಂಗಳು ಕಳೆದ ಮೇಲೆ

ಕೆಟ್ಟ ಕನಸು, ಬೆಚ್ಚಿಬೀಳುವುದು, ಘಟನೆಯ ಜಾಗವನ್ನು ತಪ್ಪಿಸುವುದು ಒಂದು ತಿಂಗಳು ದಾಟಿಯೂ ಉಳಿದರೆ ತಜ್ಞರನ್ನು ಕಾಣಬೇಕು. ಊಟ, ನಿದ್ದೆ ಪೂರ್ತಿ ಕೆಟ್ಟರೆ, ತನ್ನನ್ನು ತಾನೇ ಗಾಯ ಮಾಡಿಕೊಂಡರೆ, ಸಾಯುವ ಮಾತಾಡಿದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ.

ಎಲ್ಲಕ್ಕಿಂತ ಹತ್ತಿರದ ದಾರಿ ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡಿದಾಗ ‘ದೇವನಹಳ್ಳಿ ತಾಲ್ಲೂಕಿನ ವಿಜಯಪುರ’ ಎಂದು ಬಿಡಿಸಿ ಹೇಳುವುದು ವಾಸಿ. 2014ರಲ್ಲಿ ಬಿಜಾಪುರವೂ ವಿಜಯಪುರವಾದ ಮೇಲೆ ಬರೀ ಊರ ಹೆಸರು ಹೇಳಿದವರಿಗೆ ನೂರಾರು ಕಿಲೊಮೀಟರ್ ಆಚೆಯ ಆಸ್ಪತ್ರೆಯ ದಾರಿ ಸಿಕ್ಕೀತು.

ನೇರವಾಗಿ ಹೋಗುವವರಿಗೆ ಸರ್ಕಾರಿ ಆಸ್ಪತ್ರೆಯೇ ಮೊದಲ ಮೆಟ್ಟಿಲು. 10ರಿಂದ 19 ವರ್ಷದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಮೊದಲೇ ತಿಳಿದುಕೊಂಡರೆ ಬಸ್ ಚಾರ್ಜು ಉಳಿಯುತ್ತದೆ. ತೀವ್ರ ತೊಂದರೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ.

ಆಸ್ಪತ್ರೆ ಎಂದರೆ ಮಾತ್ರೆ ಎಂದುಕೊಂಡು ಹಿಂಜರಿಯುವವರು ತಿಳಿಯಬೇಕಾದದ್ದು: ಮಕ್ಕಳ ಆಘಾತಕ್ಕೆ ಮೊದಲ ಚಿಕಿತ್ಸೆ ಮಾತು, ಆಟ, ಚಿತ್ರ. ಆಘಾತಕ್ಕೆಂದೇ ರೂಪಿಸಿದ ವರ್ತನಾ ಚಿಕಿತ್ಸೆ ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ನಡೆಯುತ್ತದೆ, ಪೋಷಕರೂ ಅದರಲ್ಲಿ ಭಾಗಿಗಳು. ನಾಲ್ಕನೆಯ ಭೇಟಿಗೆ ‘ಈಗ ಪರವಾಗಿಲ್ಲ’ ಎಂದು ನಿಲ್ಲಿಸಬಾರದು.

ದೌರ್ಜನ್ಯದ ಸಂಶಯವಿದ್ದರೆ

ಇಲ್ಲಿ ಮನೆಯ ಮರ್ಯಾದೆಯ ಲೆಕ್ಕ ನಡೆಯುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟವರಿಗೆ ಶಿಕ್ಷೆಯಿದೆ. ಹಿರಿಯರು ಸೇರಿ ಪಂಚಾಯಿತಿ ಮಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡಬಹುದು.

ಠಾಣೆಯ ಹೆಸರಿಗೇ ಹೆದರುವ ಪೋಷಕರಿಗಾಗಿ ಕಾನೂನಿನಲ್ಲಿ ರಕ್ಷಣೆಗಳಿವೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ತಪಾಸಣೆ ಮಹಿಳಾ ವೈದ್ಯರಿಂದಲೇ ಆಗಬೇಕು. ತುರ್ತು ಚಿಕಿತ್ಸೆಗೆ ಮೊದಲು ದೂರಿನ ಪ್ರತಿ ತನ್ನಿ ಎಂದು ಆಸ್ಪತ್ರೆ ಕೇಳುವಂತಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆ ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಪ್ರಕರಣ ಮುಗಿಯುವವರೆಗೆ ಮಗುವಿನ ಜತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಬೆಂಬಲಿಗರನ್ನು ನೇಮಿಸಬಹುದು, ಅದನ್ನು ಬಾಯಿಬಿಟ್ಟು ಕೇಳಬೇಕು.

ಹದಿಹರೆಯದವರ ಮನೆಯಲ್ಲಿ

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯನ್ನು ಗುರುತಿಸಿತ್ತು. ಈ ವಯಸ್ಸಿನವರು ಎದುರು ಕೂತು ಮಾತನಾಡುವುದಕ್ಕಿಂತ ಜತೆಯಲ್ಲಿ ನಡೆಯುತ್ತ, ಸೊಪ್ಪು ಕೊಯ್ಯುತ್ತ, ಗಾಡಿಯಲ್ಲಿ ಹಿಂದೆ ಕೂತು ಹೆಚ್ಚು ಮಾತನಾಡುತ್ತಾರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುವುದಿಲ್ಲ. ಕೇಳಿದವರಿದ್ದಾರೆ ಎಂಬುದೇ ಎಷ್ಟೋ ಮಂದಿಗೆ ಸಮಾಧಾನ.

ಹೌದು ಎಂಬ ಉತ್ತರ ಬಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟವಿರುವ ಮನೆಗಳಲ್ಲಿ ಸಿಂಪಡಿಸುವ ಔಷಧಿಯ ಡಬ್ಬ ಕೈಗೆಟಕುವಂತೆ ಇರುತ್ತದೆ. ಅದನ್ನೂ ಮನೆಯ ಮಾತ್ರೆಗಳನ್ನೂ ಬೀಗದೊಳಗೆ ಇಟ್ಟು ಬೀಗದಕೈಯನ್ನು ದೊಡ್ಡವರು ಇರಿಸಿಕೊಂಡರೆ ಜೀವ ಉಳಿಯುತ್ತದೆ, ಏಕೆಂದರೆ ಇಂಥ ಆವೇಗ ಹಲವರಲ್ಲಿ ಸ್ವಲ್ಪ ಹೊತ್ತಿಗೆ ಇಳಿಯುವಂಥದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶ ಬರುವ ಮೊದಲೇ ಮಗನಿಗೋ ಮಗಳಿಗೋ ಹೇಳಿರುವುದು ಒಳ್ಳೆಯದು.

ತಂದೆ ತೀರಿಹೋದ ಮನೆಯಲ್ಲಿ ಮಗು ಓದು ಬಿಟ್ಟು ಕೆಲಸಕ್ಕೆ ಹೋಗುವಂತಾದರೆ ಚಿಕಿತ್ಸೆ ಎಷ್ಟಿದ್ದರೂ ಸಾಲದು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ದಾರಿ ತಿಳಿಯದವರು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬಹುದು.