ಜೋಳದ ನುಸಿಯ ಲಕ್ಷಣ

ಒಂದು ಕೀಟವನ್ನು ಹೊಸ ಪ್ರಭೇದವೆಂದು ಸಾರಬೇಕಾದರೆ ಅದಕ್ಕೆ ನಿರ್ದುಷ್ಟವಾದ ಲಕ್ಷಣವನ್ನು ಹೇಳಬೇಕು. ಅಸಾಧಾರಣ ಧರ್ಮವೇ ಲಕ್ಷಣವೆಂದು ನಮ್ಮ ತರ್ಕಶಾಸ್ತ್ರದ ಮತ. ಅದು ಅನ್ಯವಸ್ತುವಿಗೂ ಹರಡಿದರೆ ಅತಿವ್ಯಾಪ್ತಿದೋಷ. ನವಲಗುಂದ, ಅಣ್ಣಿಗೇರಿಗಳ ಮನೆಗಳಲ್ಲಿ ಜೋಳದ ಚೀಲವನ್ನು ಹೊಕ್ಕುವ ಸೊಂಡಿಲಿನ ನುಸಿಯನ್ನೇ ನಿದರ್ಶನವಾಗಿ ಕೊಳ್ಳೋಣ.

1763ರಲ್ಲಿ ಸ್ವೀಡನ್ನಿನ ಲಿನ್ನೇಯಸನು ಹೆಸರಿಟ್ಟ ಈ ಕೀಟವು ಇಂದು ಸೈಟೋಫಿಲಸ್ ಒರೈಝೆ ಎನಿಸಿದೆ. ಸೊಂಡಿಲೇ ಲಕ್ಷಣವೆಂದರೆ ಅತಿವ್ಯಾಪ್ತಿ. ಆ ಕುಟುಂಬದ ಸಾವಿರಾರು ಕೀಟಗಳಿಗೂ ಸೊಂಡಿಲುಂಟು. ರೆಕ್ಕೆಯ ಚಿಪ್ಪಿನ ಮೇಲಣ ನಾಲ್ಕು ಕೆಂಬೊಟ್ಟುಗಳೆಂದರೆ, ಹಾರಲಾರದ ಗ್ರಾನೇರಿಯಸ್ ಪ್ರಭೇದವು ದೂರವಾಗುವುದು. ಆದರೆ 1855ರಲ್ಲಿ ಮೊಟ್ಶುಲ್ಸ್ಕಿಯು ಹೆಸರಿಸಿದ ಝಿಯಾಮೇಸ್‌ಗೂ ಅವೇ ಬೊಟ್ಟುಗಳು. ಬಹುಕಾಲ ಇವೆರಡನ್ನೂ ಒಂದೆಂದೇ ಎಣಿಸಿದ್ದರು. ಕೊನೆಗೆ ಗಂಡುಕೀಟದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಭೇದವು ಸ್ಪಷ್ಟವಾಯಿತು: ಒರೈಝೆಯಲ್ಲಿ ಅದರ ಮೇಲ್ಮೈ ನುಣುಪು, ಝಿಯಾಮೇಸ್‌ನಲ್ಲಿ ಎರಡು ಉದ್ದಗೀರುಗಳು.

ಬೀಜದ ಪರೀಕ್ಷೆಯೂ ಹೊರನೋಟದಿಂದ ಮುಗಿಯದು. ಹೆಣ್ಣುನುಸಿ ಕಾಳನ್ನು ಕೊರೆದು ತತ್ತಿಯಿಟ್ಟು ತೂತನ್ನು ಅಂಟಿನಿಂದ ಮುಚ್ಚುವುದು. ಮರಿಹುಳು ಒಳಗೇ ತಿರುಳನ್ನುಂಡು ಬೆಳೆಯುವುದು. ಗಟ್ಟಿಯಾಗಿ ತೋರುವ ಕಾಳೂ ಮೊಳೆಯದೆ ಹೋಗಬಹುದು. ಆದುದರಿಂದ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಬೀಜದ ಜೋಳವನ್ನು ಚೆನ್ನಾಗಿ ಒಣಗಿಸಿಯೇ ಕೂಡಿಡುವಂತೆಯೂ, ಬಿತ್ತುವ ಮುನ್ನ ಹಿಡಿಕಾಳನ್ನು ಮೊಳಕೆಗಿಟ್ಟು ನೋಡುವಂತೆಯೂ ಹಿರಿಯರಿಗೆ ಅರಿಕೆಮಾಡಬೇಕು.