ಬಂದವರು ನಿಲ್ಲುತ್ತಿಲ್ಲ

ಚನ್ನಪಟ್ಟಣದ ಬೊಂಬೆ ಮಾರುತ್ತೇವೆ. ವೆಬ್‌ಸೈಟ್‌ಗೆ ಜನ ಬಂದರೂ ಕೂಡಲೇ ಹೊರಟುಹೋಗುತ್ತಾರೆ. ಹೊಸದಾಗಿ ಮಾಡಿಸಬೇಕೇ?

ಸದ್ಯಕ್ಕೆ ಬೇಡ. ಮೊದಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿ ನೋಡಿ, ದುಡ್ಡು ಕೊಡಬೇಕಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು. ತಡವಾಗುತ್ತಿದ್ದರೆ ಬಹುಪಾಲು ಫೋಟೊಗಳೇ ಕಾರಣ: ಕ್ಯಾಮೆರಾದ ದೊಡ್ಡ ಚಿತ್ರಗಳನ್ನು ಕುಗ್ಗಿಸಿ, ವೆಬ್‌ಪಿ ರೂಪದಲ್ಲಿ ಹಾಕಿ. ಮುಖಪುಟದಲ್ಲಿ ಓಡುವ ಬ್ಯಾನರ್ ಇದ್ದರೆ ತೆಗೆಸಿ, ಅದು ಮಾಲೀಕರಿಗಷ್ಟೇ ಚೆಂದ!

ಪ್ರತಿ ಬೊಂಬೆಯ ಪಕ್ಕದಲ್ಲೇ ಬೆಲೆ, ಅಳತೆ, ಎಷ್ಟು ವಯಸ್ಸಿನ ಮಗುವಿಗೆ, ಕೊರಿಯರ್ ಖರ್ಚೆಷ್ಟು ಎಂದು ಬರೆಯಿರಿ. ಬೊಂಬೆ ಆಲೆಮರದ್ದು, ಬಣ್ಣ ಅರಗಿನದು ಎಂದು ಬರೆಯಲು ಮರೆಯಬೇಡಿ. ತಾಯಂದಿರು ಕೇಳುವುದೇ ಅದನ್ನು. ವಾಟ್ಸ್‌ಆ್ಯಪ್ ಬಟನ್ ಇರಲಿ.

ಇಷ್ಟಾದರೂ ಸೈಟ್ ನಿಧಾನವಿದ್ದರೆ, ಹಣ ಪಾವತಿ ಅರ್ಧಕ್ಕೆ ನಿಲ್ಲುತ್ತಿದ್ದರೆ ಡೆವಲಪರ್‌ಗೆ ತೋರಿಸಿ. ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತ್ರಿ ಎನ್ನುವವರಿಗೆ ಮಾತ್ರ ಮುಂಗಡ ಕೊಡಬೇಡಿ.